ಸೋಮವಾರದ ಅಂಗಿ

ಅಂಗಿ ತೊಡಿಸುವಾಗ ಮೊದಲು ಸ್ವಾಧೀನ ತಪ್ಪಿದ ಕೈ, ಆಮೇಲೆ ಆಡುವ ಕೈ. ಈ ಕ್ರಮ ಅವಳಿಗೀಗ ಕಣ್ಣು ಮುಚ್ಚಿದರೂ ಬರುತ್ತದೆ. ಆ ಸೋಮವಾರ ಬೆಳಿಗ್ಗೆ ಗಂಡನ ಬಲಗೈಯನ್ನು ತೋಳಿಗೆ ತೂರಿಸಿ ಎಡಗೈಗೆ ಬಂದಾಗ ಅವನು ಕೊಸರಿಕೊಂಡ. ಬೆರಳುಗಳನ್ನು ತುಟಿಗೆ ಒತ್ತಿ, ಅಂಗೈಯನ್ನು ಅತ್ತಿತ್ತ ಆಡಿಸಿದ.

“ಈಗ ತಾನೇ ತಿಂದಿರಲ್ಲ ರೀ.”

ಅವನು ಮತ್ತೆ ಹಾಗೇ ಮಾಡಿದ.

“ಅಪ್ಪನಿಗೆ ಬರೋಕೆ ಇಷ್ಟ ಇಲ್ವೇನೋಮ್ಮ,” ಎಂದಳು ಮಗಳು.

“ಇಷ್ಟ ಇಲ್ದೆ ಏನು? ಕೈಯಾರೆ ಸವತಿ ಹತ್ರ ಕರ್ಕೊಂಡು ಹೋಗ್ತಿದೀನಿ. ಇಂಥ ಹೆಂಡತಿ ಯಾರಿಗೆ ಸಿಕ್ತಾಳೆ?”

ಸವತಿ ಎಂದರೆ ಮೃಗಾಲಯದ ಕತ್ತೆಕಿರುಬ. ಪಾರ್ಶ್ವವಾಯು ಹೊಡೆಯುವವರೆಗೂ ಅವನು ಅಲ್ಲಿ ಪ್ರಾಣಿಪಾಲಕ. ಕಣ್ಣು ಬಿಡದ ಮರಿಯಾಗಿ ಬಂದದ್ದನ್ನು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದ. ಒಂದು ಕಿವಿ ವಾರೆ, ಅದಕ್ಕೇ ಸೊಟ್ಟಿ ಎಂದು ಹೆಸರು. ಮಾಂಸ ಹಾಕುವ ಹೊತ್ತಿಗೆ ಬಕೆಟ್ ಬಡಿದು “ಬಾರೇ ಸೊಟ್ಟಿ” ಎಂದರೆ ಅದು ಓಡಿ ಬರುತ್ತಿತ್ತು.

ಮಾತಿನ ತರಬೇತಿ ಕೊಡುವಾಕೆ ಹೇಳಿದ್ದಳು: “ವರ್ಷಾನುಗಟ್ಟಲೆ ಆಡಿದ ಮಾತು ಕೆಲವೊಮ್ಮೆ ತಾನಾಗೇ ಬಂದುಬಿಡುತ್ತೆ. ಬರದೇನೂ ಇರಬಹುದು.” ಈ ತಿಂಗಳೊಳಗೆ ಒಂದು ಮಾತೂ ಹೊರಡದಿದ್ದರೆ ತರಬೇತಿ ನಿಲ್ಲಿಸುತ್ತೇವೆ ಎಂದೂ ಹೇಳಿದ್ದಳು. ಹೆಂಡತಿ ಹಿಡಿದುಕೊಂಡದ್ದು ಮೊದಲ ಮಾತನ್ನು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಹೊದಿಕೆಯೊಂದು ಯಾವ ವಾರ್ಡಿನದು ಎಂದು ಮೂಸಿಯೇ ಹೇಳಬಲ್ಲಳು. ಅಂಥ ಮೂಗಿಗೆ ಗಂಡನ ಅಂಗಿಯ ಹಸಿಮಾಂಸದ ವಾಸನೆ ತಡೆಯಲಾಗುತ್ತಿರಲಿಲ್ಲ. “ಊಟದ ಹೊತ್ತಲ್ಲಿ ಆ ಮೃಗಾಲಯದ ಸುದ್ದಿ ಎತ್ತಬೇಡಿ,” ಎಂದು ಮದುವೆಯಾದ ಹೊಸದರಲ್ಲೇ ಕಟ್ಟಪ್ಪಣೆ ಮಾಡಿದ್ದಳು. ಅವನಿಗೆ ಬೇರೆ ಸುದ್ದಿ ಇರಲಿಲ್ಲ. ತಲೆ ತಗ್ಗಿಸಿ ಉಂಡು ಏಳುತ್ತಿದ್ದ. ಸೋಮವಾರ ಮಾತ್ರ ಅಂಗಿಗೆ ವಾಸನೆಯಿರುತ್ತಿರಲಿಲ್ಲ. ಅವಳ ವಾರದ ರಜೆ ಸೋಮವಾರವೇ. “ನಾನು ಮನೇಲಿರ್ತೀನಿ ಅಂತ ಅಲ್ಲೇ ಸ್ನಾನ ಮಾಡ್ಕೊಂಡು ಬರ್ತಾರೆ,” ಎಂದು ಜೊತೆಯವರ ಹತ್ತಿರ ಹೇಳಿಕೊಂಡಿದ್ದಳು. “ರಸಿಕ ಕಣೇ ನಿನ್ನ ಗಂಡ,” ಎಂದು ಅವರು ಕಿಚಾಯಿಸಿದ್ದರು.

ಮೃಗಾಲಯದಲ್ಲಿ ಜನ ವಿರಳ. ಮಗಳು ಗಾಲಿಕುರ್ಚಿ ತಳ್ಳಿದಳು. ಮೊಮ್ಮಗಳು ಮನೆಯಿಂದ ತಂದ ಬಕೆಟ್ಟನ್ನು ತಲೆಗೆ ಕವುಚಿಕೊಂಡು ಮುಂದೆ ನಡೆದಳು. ನರಿ ಕಾಣಲಿಲ್ಲ. ತೋಳದ್ದು ಬಾಲ ಮಾತ್ರ ಕಂಡಿತು.

“ಎಲ್ಲಾ ಮಲಗಿವೆ ಅಜ್ಜಿ. ಇದೇನು ಆಸ್ಪತ್ರೆಯಾ?”

ಕಿರುಬದ ಆವರಣದ ಮುಂದೆ ಹೆಂಡತಿ ಬಕೆಟ್ ತೆಗೆದುಕೊಂಡು ಅವನ ಎಡಗೈಗೆ ಕೊಟ್ಟಳು. ಅವನು ಹಿಡಿಯಲಿಲ್ಲ. ತುಟಿಗೆ ಬೆರಳು ಒತ್ತಿ, ಅಂಗೈ ಆಡಿಸಿದ. ಅವಳೇ ಬಡಿದಳು. ಗವಿಯ ಕತ್ತಲಲ್ಲಿ ಹಿಂಗಾಲೊಂದು ಚಾಚಿತ್ತು; ಅಲುಗಲಿಲ್ಲ.

“ಕರೀರಿ. ಬಾರೇ ಅನ್ನಿ. ನನ್ನ ಮುಂದೆ ಏನು ನಾಚಿಕೆ?”

ಬಕೆಟ್ ಸದ್ದಿಗೆ ಪಾಲಕನೊಬ್ಬ ಬಂದ. ಗಂಡನ ಜಾಗಕ್ಕೆ ಬಂದವನು. “ಅಯ್ಯೋ ಅಣ್ಣ, ನೀವಾ?” ಎಂದು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. “ಅತ್ತಿಗೆ, ಇವತ್ತು ಯಾಕೆ ಬಂದ್ರಿ? ಸೋಮವಾರ ಮಾಂಸ ತಿನ್ನೋ ಪ್ರಾಣಿಗಳಿಗೆಲ್ಲ ಉಪವಾಸ. ಎಷ್ಟು ಬಡಿದ್ರೂ ಏಳಲ್ಲ. ಅಣ್ಣನ ಕಾಲದಿಂದಲೂ ಹೀಗೇ. ಅಣ್ಣನಿಗೆ ಗೊತ್ತಲ್ಲ?”

ಅವಳು ಗಂಡನ ಕೈ ನೋಡಿದಳು. ಊಟ, ಇಲ್ಲ. ಬೆಳಗಿನಿಂದ ಅವನು ಹೇಳುತ್ತಿದ್ದುದು ಅದೇ.

“ಹಾಗಾದ್ರೆ ಸೋಮವಾರ ಇವರು ಮಾಂಸ ಮುಟ್ತಿರಲಿಲ್ವಾ?”

“ಮಾಂಸದ ಕೋಣೆಗೆ ಬೀಗ ಅತ್ತಿಗೆ.”

ಅವಳು ಬಕೆಟ್ಟನ್ನು ನೆಲದ ಮೇಲಿಟ್ಟಳು.

“ಇನ್ನೊಂದಿನ ರಜೆ ಹಾಕಮ್ಮ,” ಎಂದಳು ಮಗಳು. “ನಾಳೆನೇ ಬರೋಣ.”

ಪಾಲಕ ಎದ್ದು ನಿಂತ. “ನಾಳೆ ಮೃಗಾಲಯಕ್ಕೇ ರಜೆ, ಯಾರನ್ನೂ ಒಳಗೆ ಬಿಡಲ್ಲ. ಬುಧವಾರ ಬೆಳಿಗ್ಗೆ ಲಾರಿ ಬರುತ್ತೆ. ಸೊಟ್ಟಿನ ಬೇರೆ ಊರಿನ ಮೃಗಾಲಯಕ್ಕೆ ಕಳಿಸ್ತಿದಾರೆ. ಅಣ್ಣನಿಗೆ ಹೇಳೋಣ ಅಂತಿದ್ದೆ…”

ಗಂಡ ಕೇಳಿಸಿಕೊಂಡ. ಬಾಯಿ ಸ್ವಲ್ಪ ತೆರೆಯಿತು. ಹೆಂಡತಿ ಬಗ್ಗಿ ಕಿವಿ ಕೊಟ್ಟಳು. ಉಸಿರು ಮಾತ್ರ ಬಂತು. ಅವಳು ಸೆರಗಿನಿಂದ ಅವನ ಗಲ್ಲ ಒರೆಸಿದಳು.

“ತಾತ ಏನಂದ್ರು?” ಎಂದು ಕೇಳಿತು ಮಗು.

“ಏನೂ ಇಲ್ಲ. ನಡಿ.”

ಮನೆಗೆ ಬಂದು ಅಂಗಿ ಬಿಚ್ಚಿದಳು: ಮೊದಲು ಆಡುವ ಕೈ, ಆಮೇಲೆ ಇನ್ನೊಂದು. ಮೂಸಿದಳು. ಸಾಬೂನಿನ ವಾಸನೆ ಇತ್ತು. ಬೆಳಿಗ್ಗೆ ಮೀಸಿದ್ದು ಅವಳೇ.

ಬುಧವಾರ ಲಾರಿ ಹೊರಟ ಹೊತ್ತಿಗೆ ಅವಳು ಹೊದಿಕೆಗಳನ್ನು ಯಂತ್ರಕ್ಕೆ ತುಂಬುತ್ತಿದ್ದಳು. ತಿಂಗಳ ಕೊನೆಗೆ ತರಬೇತಿ ನಿಂತಿತು.