ತೆಗೆದು ನೋಡುವ ಪರೀಕ್ಷೆ

ಪುಣೆಯ ಖರಾಡಿಯ ಆ ಕಚೇರಿಯಲ್ಲಿ ನಾವು ಕನ್ನಡದವರು ಮೂವರೇ ಇದ್ದೆವು. ವಿಡಿಯೋ ಗೇಮ್‌ಗಳ ಬಗ್ಗೆ ಹಲವು ಭಾಷೆಗಳಲ್ಲಿ ಬರೆಯುವ ಜಾಲತಾಣ ಅದು. ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಬಹಳ ಕಾಲ ಸುದ್ದಿ ತಿದ್ದಿ ಬಂದವನು. ಗೇಮ್ ಆಡಲು ಕಲಿತದ್ದು ಇಲ್ಲಿ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಪುಣೆಯಲ್ಲೇ ಹುಟ್ಟಿದವರು, ವಿಜಯಪುರದ ಕಡೆಯಿಂದ ಬಂದ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಶಾಲೆಯಲ್ಲಿ ಮರಾಠಿ ಓದಿ, ಅಜ್ಜನಿಂದ ಕನ್ನಡ ಬರೆಯಲು ಕಲಿತಿದ್ದರು. ಈ ಊರಿನಲ್ಲಿ ಕನ್ನಡ ಬರೆದು ಸಂಬಳ ಪಡೆಯುವ ಮತ್ತೊಂದು ಜಾಗ ತನಗೆ ಸಿಗುವುದಿಲ್ಲ ಎಂದು ಅವರೇ ಆಗಾಗ ಹೇಳುತ್ತಿದ್ದರು. ಮೂರನೆಯವನು ಬೆಂಗಳೂರಿನ ತರುಣ, ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು.

ನಮ್ಮ ಪುಟಗಳಲ್ಲಿ ಜನ ಹೆಚ್ಚು ಓದುತ್ತಿದ್ದದ್ದು ದರ್ಜೆ ಕೊಡುವ ಪುಟ. ಮಾಟ ಮಂತ್ರಗಳ ಲೋಕದಲ್ಲಿ ನಡೆಯುವ ಆಟವೊಂದಿತ್ತು. ತಂಡ ಕಟ್ಟಿಕೊಂಡು ರಾಕ್ಷಸರನ್ನು ಎದುರಿಸಬೇಕು. ಯೋಧ, ಮಾಂತ್ರಿಕ, ಪುರೋಹಿತ ಎಂದು ಪಾತ್ರಗಳು. ಒಂದೊಂದರಲ್ಲೂ ಮತ್ತೆ ಕವಲುಗಳು. ಆಟಗಾರರು ಇವನ್ನು ಸಬ್‌ಕ್ಲಾಸ್ ಎನ್ನುತ್ತಾರೆ. ಬೆಂಕಿ ಎಸೆಯುವ ಮಾಂತ್ರಿಕನ ಶಕ್ತಿಯೇ ಬೇರೆ, ಭ್ರಮೆ ಹುಟ್ಟಿಸುವ ಮಾಂತ್ರಿಕನದೇ ಬೇರೆ. ಯಾವುದು ಬಲಶಾಲಿ, ಯಾವುದು ದಂಡ ಎಂದು ತೂಗಿ ಎಲ್ಲಕ್ಕಿಂತ ಮೇಲಿನ ಎಸ್‌ನಿಂದ ಕೆಳಗಿನ ಡಿವರೆಗೆ ದರ್ಜೆ ಕೊಡುವುದು ನಮ್ಮ ಕೆಲಸ. ಆಟ ತಯಾರಿಸಿದವರು ನಿಯಮ ಬದಲಿಸಿದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ತೂಗಬೇಕಿತ್ತು.

ಅದಕ್ಕೆ ನಮ್ಮದೇ ಒಂದು ಪದ್ಧತಿ ಇತ್ತು. ಕಠಿಣವಾದ ಒಂದು ಕಾಳಗ ಆರಿಸಿ, ಪರೀಕ್ಷೆಗೆ ಬಂದ ಸಬ್‌ಕ್ಲಾಸನ್ನು ತಂಡದಿಂದ ತೆಗೆದುಬಿಡುತ್ತಿದ್ದೆವು. ಉಳಿದವರು ಸೋತರೆ ಅದಕ್ಕೆ ಎಸ್. ಸಲೀಸಾಗಿ ಗೆದ್ದರೆ ಡಿ.

ಜಗಳವಾದದ್ದು ಕಾವಲು ಪುರೋಹಿತನ ವಿಷಯಕ್ಕೆ. ಅವನು ಯಾರನ್ನೂ ಹೊಡೆಯುವುದಿಲ್ಲ. ಉಳಿದವರ ಮೇಲೆ ಬೀಳುವ ಏಟನ್ನು ತಡೆಯುತ್ತಾನೆ, ಅಷ್ಟೇ. ಅವನಿಲ್ಲದೆ ಆಡಿದೆವು, ಗೆದ್ದೆವು. ತರುಣ ಡಿ ಎಂದು ಬರೆದ. ಪಕ್ಕದ ಸಹೋದ್ಯೋಗಿ ಒಪ್ಪಲಿಲ್ಲ.

“ಅಂವಾ ಇಲ್ಲಂತ ನಿಮಗ ಮೊದಲ ಗೊತ್ತಿತ್ತು. ಅದಕ್ಕ ಹಿಂದ ಸರದು, ಮದ್ದು ಕುಡದು, ಭಾಳ ಜ್ವಾಕಿಲೆ ಆಡಿದ್ರಿ. ಗೆದ್ದದ್ದು ನಿಮ್ಮ ಜ್ವಾಕಿ ರೀ ಸರ್. ಅಂವಾ ಬ್ಯಾಡ ಅಂತ ಹೆಂಗ ಆತು?”

“ಅಕ್ಕ, ನಿಮ್ ಪೂಜಾರಿ ಮೇಲೆ ನಿಮ್ಗೆ ಸಿಕ್ಕಾಪಟ್ಟೆ ಪ್ರೀತಿ,” ಎಂದ ತರುಣ.

“ನಿನ್ನ ಮಾಂತ್ರಿಕ ದಿನಾ ಎಲ್ಲಾರಕಿಂತ ಮೊದಲ ಸಾಯ್ತಾನಲ್ಲೋ ತಮ್ಮಾ, ಅವಗ ಎಸ್ ಕೊಡು.”

ನಾನು ಇಬ್ಬರ ಮಾತೂ ಕೇಳಿ ಸಿ ಎಂದು ತೀರ್ಮಾನಿಸಿದೆ.

ಆ ದಿನ ನಮ್ಮ ಹಿಂದೆ ಹೊಸ ಮ್ಯಾನೇಜರ್ ನಿಂತಿದ್ದರು. ಎಲ್ಲ ಭಾಷೆಗಳ ವಿಭಾಗಗಳಿಗೂ ಅವರೇ ಮುಖ್ಯಸ್ಥರು. ಎಂದೂ ದನಿ ಏರಿಸದ ಮನುಷ್ಯ. ಏನು ಮಾಡುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಪದ್ಧತಿಯನ್ನು ವಿವರಿಸಿದೆ. ಗಮನವಿಟ್ಟು ಕೇಳಿ, ಯಾವುದೋ ಹೊಸ ರುಚಿ ನೋಡುವವರಂತೆ ಮರಾಠಿಯಲ್ಲಿ “ಕಾಢೂನ್ ಬಘೂ” ಎಂದರು. ತೆಗೆದು ನೋಡೋಣ. ತಲೆಯಾಡಿಸುತ್ತ ಹೊರಟುಹೋದರು.

ಕೆಲವೇ ದಿನಗಳಲ್ಲಿ ಸೂಚನೆ ಬಂತು. ಉಳಿದಿರುವ ರಜೆಯನ್ನು ಒಬ್ಬೊಬ್ಬರಾಗಿ, ಒಂದೊಂದು ವಾರ ತೆಗೆದುಕೊಳ್ಳಬೇಕು. ರಜೆಯಲ್ಲಿರುವವರನ್ನು ಸಹೋದ್ಯೋಗಿಗಳು ಸಂಪರ್ಕಿಸಬಾರದು. ನೌಕರರ ಆರೋಗ್ಯದ ಕಾಳಜಿಯಿಂದ, ಎಂದಿತ್ತು. ನಮ್ಮಲ್ಲಿ ಮೊದಲ ಸರದಿ ಪಕ್ಕದ ಸಹೋದ್ಯೋಗಿಯದು. ಹಡಪಸರದ ಮನೆಗೆ ಬಣ್ಣ ಹೊಡೆಸುವುದಿದೆ ಎಂದು ಖುಷಿಯಿಂದಲೇ ಹೋದರು.

ಪುಟಗಳನ್ನು ಕೊನೆಯ ಸಲ ಓದಿ ತಿದ್ದುವುದು, ಆಟದ ಅಂಕಿ ಅಂಶ ತಾಳೆ ನೋಡುವುದು, ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದು ಅವರ ಕೆಲಸವಾಗಿತ್ತು. ಅವರು ಬಂದಾಗ ರಾಶಿ ಬಿದ್ದಿರಬಾರದು, ರಜೆ ಹಾಕಿದ್ದಕ್ಕೆ ಅವರ ಹೆಸರು ಕೆಡಬಾರದು ಎಂದು ನಾವಿಬ್ಬರೂ ಹಂಚಿಕೊಂಡೆವು. ಓದುಗರಿಗೆ ಉತ್ತರ ಬರೆಯುತ್ತಲೇ ತರುಣ ಡಬ್ಬಿ ಊಟ ಮುಗಿಸುತ್ತಿದ್ದ. ಹಿಂದೆ ಇನ್ನೊಬ್ಬರು ಓದುವವರಿಲ್ಲ ಎಂದು ಗೊತ್ತಿದ್ದ ನಾನು ಒಂದೊಂದು ಪುಟವನ್ನೂ ಮತ್ತೆ ಮತ್ತೆ ಓದಿದೆ. ಎಲ್ಲವೂ ಹೊತ್ತಿಗೆ ಸರಿಯಾಗಿ ಹೋಯಿತು. ಮ್ಯಾನೇಜರ್ ದಿನಾ ಬಂದು, ಅವರ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ ನಿಂತು, ನಮ್ಮ ತೆರೆಗಳನ್ನು ನೋಡುತ್ತಿದ್ದರು. “ಛಾನ್,” ಎಂದು ಮೆಚ್ಚಿ ಹೋಗುತ್ತಿದ್ದರು.

ವಾರದ ಕೊನೆಗೆ ತರುಣ ಕ್ಯಾಂಟೀನಿನಿಂದ ಬೇಗ ಬಂದ. ಪಕ್ಕದ ಮಲಯಾಳಂ ವಿಭಾಗದವರೊಬ್ಬರು ರಜೆ ಮುಗಿಸಿ ಬಂದ ದಿನವೇ ಅವರನ್ನು ಮೇಲಿನ ಮಹಡಿಗೆ ಕರೆದಿದ್ದರಂತೆ. ಅಲ್ಲಿಂದಲೇ ಮನೆಗೆ ಹೋದರಂತೆ, ಮತ್ತೆ ಬಂದಿಲ್ಲವಂತೆ.

“ಸರ್,” ಎಂದ ದನಿ ತಗ್ಗಿಸಿ, “ಅಕ್ಕನ ಕೆಲ್ಸ ನಾವು ಪೂರ್ತಿ ಮಾಡ್ಬಿಟ್ವಲ್ಲ.”

ನಾನು ಎದ್ದು ಮ್ಯಾನೇಜರ್ ಕೋಣೆಗೆ ಹೋದೆ. ಈ ವಾರ ಎರಡಾಳು ಮೂರಾಳಿನ ಕೆಲಸ ಮಾಡಿದ್ದೇವೆ, ಇದು ಹೀಗೇ ನಡೆಯುವಂಥದ್ದಲ್ಲ ಎಂದೆ. ಅವರು ನನಗೆ ಕುರ್ಚಿ ತೋರಿಸಿದರು. ಎರಡಾಳಿಗೆ ಮಾಡಲಾಗುತ್ತದೆಯೇ ಎಂದು ತಿಳಿಯುವುದೇ ತಮಗೆ ಬೇಕಾಗಿತ್ತು ಎಂದರು. ಚಹಾ ತರಿಸಲೇ ಎಂದು ಕೇಳಿದರು.

ಸೋಮವಾರ ಸಹೋದ್ಯೋಗಿ ರಜೆ ಮುಗಿಸಿ ಬಂದರು. ನಮಗೆಂದು ಡಬ್ಬಿಯಲ್ಲಿ ಶಂಕರಪೋಳಿ ತಂದಿದ್ದರು. ಬ್ಯಾಗು ಇಳಿಸುವ ಮೊದಲೇ ತೆರೆ ನೋಡಿ, “ಏನೂ ಬಾಕಿ ಇಟ್ಟಿಲ್ಲಲ್ರಿ ಸರ್. ನಾ ಹೆದರಕೋತ ಬಂದಿದ್ದೆ,” ಎಂದು ನಕ್ಕರು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಕರೆ ಬಂತು.

ಬಹಳ ಹೊತ್ತೇನೂ ಆಗಲಿಲ್ಲ. ಇಳಿದು ಬಂದು ನಿಂತೇ ಬ್ಯಾಗು ತೆಗೆದುಕೊಂಡರು. ತರುಣನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ಒಂದಾದ್ರೂ ಬಾಕಿ ಇಡಬೇಕಿತ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ತಿಂಗಳು ನನ್ನ ರಜೆಯ ಸೂಚನೆ ಬಂತು. ಆ ವಾರ ಹೊಸ ದರ್ಜೆಯ ಪುಟ ಹೊರಡಬೇಕಿತ್ತು. ಅದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತೆ. ಒಂದು ಮಧ್ಯಾಹ್ನ ತರುಣನ ಫೋನ್ ಬಂತು. ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ. ಮಾತು ಗೋಡೆಗೆ ಬಡಿದು ಬರುತ್ತಿತ್ತು.

“ಸರ್, ನಿಮ್ ಪುಟ ಮುಗಿಸ್ಲಾ, ಹಾಗೇ ಬಿಡ್ಲಾ? ನೀವೇ ಹೇಳಿ. ಬಿಟ್ರೆ ನನ್ ತಲೆಗೆ ಬರುತ್ತೆ, ಮುಗಿಸಿದ್ರೆ ನಿಮ್ಗೆ.”

ಅವನಿಗೆ ಹೋದ ವರ್ಷವಷ್ಟೇ ಮದುವೆಯಾಗಿತ್ತು. ಯಾರೋ ಬಾಗಿಲು ತೆಗೆದ ಸದ್ದು ಕೇಳಿಸಿತು. ಅವನು ಅತ್ತ ತಿರುಗಿ ಮರಾಠಿಯಲ್ಲಿ, ಈಗ ಬಂದೆ ಎಂದ.

“ಮುಗಸಪಾ,” ಎಂದೆ.

ಸಂಜೆ ಪುಟ ಹೊರಬಂತು. ಫೋನಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದೆ, ಮತ್ತೆ ಓದಿದೆ. ಎಲ್ಲೂ ಒಂದು ತಪ್ಪೂ ಸಿಗಲಿಲ್ಲ.