ನಾಯಿಗೆ ಸಿಗದ ವಿಮಾನ

ನಾನು ಇದುವರೆಗೆ ವಿಮಾನ ಹತ್ತಿಲ್ಲ. ಆದರೂ ತಿಮ್ಮಾಪುರದ ಆಸುಪಾಸಿನ ಹಳ್ಳಿಗಳಲ್ಲಿ ನನ್ನನ್ನು ಕರೆಯುವುದು 'ವಿಮಾನದ ಅಕ್ಕೋರು' ಎಂದೇ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ವಿಮಾನದ್ದು ಮಾತ್ರ ಆಮೇಲೆ ಅಂಟಿಕೊಂಡದ್ದು. ಮುಧೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಲದ ಪೆಂಟಿಗಳ ನಡುವೆ ನೂಕಾಡಿ ಬಸ್ಸು ಹತ್ತುತ್ತೇನೆ. ಕೂರಲು ಸೀಟು ಸಿಕ್ಕಿತೆಂದರೆ ಅದೇ ನನ್ನ ವಿಮಾನಯಾನ.

ಆ ಹೆಸರು ಅಂಟಲು ಕಾರಣ ಒಂದು ವಾರದ ತರಬೇತಿ. ಹೈಸ್ಕೂಲು ಮಕ್ಕಳಿಗೆ ವಿಮಾನದ ವಿನ್ಯಾಸ ಕಲಿಸಬೇಕು, ಶಾಲೆಗೊಬ್ಬರು ಬಂದು ಕಲಿತು ಹೋಗಿ ಎಂದು ಕರೆ ಬಂತು. ಗಣಿತದ ಸರ್‌ಗೆ ಅವತ್ತೇ ಮೊಣಕಾಲು ನೋವು ಶುರುವಾಯಿತು. ಇಂಗ್ಲಿಷ್ ಸರ್ ಮನೆಯಲ್ಲಿ ಮದುವೆ ಬಂತು. ನನಗೆ ನೆಪ ಹೊಳೆಯುವಷ್ಟರಲ್ಲಿ ಹೆಡ್‌ಮಾಸ್ತರರು ನನ್ನ ಹೆಸರು ಕಳಿಸಿಯಾಗಿತ್ತು.

ತರಬೇತಿ ಕೊಡುವ ಹುಡುಗ ಚುರುಕಾಗಿದ್ದ. ವಿನ್ಯಾಸ ಎಂದರೆ ಮೊದಲು ಗಿರಾಕಿ ಯಾರು, ಅವನಿಗೆ ಏನು ಬೇಕು ಎಂದು ತಿಳಿದುಕೊಳ್ಳುವುದು, ರೆಕ್ಕೆ ಬಾಲ ಎಲ್ಲ ಆಮೇಲೆ ಎಂದು ಅವನು ಪರದೆಯ ಮೇಲೆ ತೋರಿಸಿದ. ನಿಮ್ಮ ವಿಮಾನಕ್ಕೆ ಏನು ಬೇಕು ಬರೆಯಿರಿ ಎಂದಾಗ ನೇಕಾರರ ಊರು ಬನಹಟ್ಟಿಯಿಂದ ಬಂದ ಸರ್ 'ಸೀರೆಯ ಗಂಟು ಇಡಲು ಜಾಗ' ಎಂದು ಬರೆದರು. ಬೀಳಗಿಯವರು 'ಕಿಟಕಿ ತೆರೆಯುವಂತಿರಬೇಕು' ಎಂದು ಬರೆದರು. ನಾನು ಪಕ್ಕದವರದನ್ನು ನೋಡಿ ಬರೆದೆ. ವಾರದ ಕೊನೆಗೆ ನಾವೆಲ್ಲ ಪರಿಣತರಾಗಿ ಮನೆಗೆ ಮರಳಿದೆವು.

ಶಾಲೆಗೆ ಒಂದು ಪೆಟ್ಟಿಗೆ ಬಂತು. ಅದರೊಳಗೆ ಜೋಡಿಸಿದರೆ ವಿಮಾನವಾಗುವ ಹಗುರಾದ ಬಿಳಿ ಹಾಳೆಗಳು, ಕಡ್ಡಿಗಳು, ಅಂಟು. ಹೆಡ್‌ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಆಮೇಲೆ ಕಬಡ್ಡಿಯಲ್ಲಿ ಗೆದ್ದ ಕಪ್ಪಿನ ಪಕ್ಕದಲ್ಲಿ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಸರ್, ಮಕ್ಕಳಿಗೆ ಅದನ್ನ ಕೊಡಬೇಕಲ್ರಿ?" ಎಂದೆ.

"ಅಕ್ಕೋರ, ಹುಡುಗೂರ ಕೈಯಾಗ ಕೊಟ್ರ ಉಳಿತೈತೇನ್ರಿ? ನಾಳೆ ಸಾಹೇಬ್ರು ಬಂದು ಎಲ್ಲಿ ಐತಿ ತೋರಸ್ರಿ ಅಂದ್ರ ಏನ ತೋರಸೂದು?" ಎಂದರು.

ಹೀಗಾಗಿ ನಮ್ಮ ವಿಮಾನಗಳು ಹುಟ್ಟಿದ್ದು ಮದುವೆ ಊಟದ ಥರ್ಮಾಕೋಲ್ ತಾಟುಗಳಿಂದ. ಮೈಗೆ ಜೋಳದ ದಂಟು. ಮೂತಿಗೆ ಭಾರ ಬೇಕಲ್ಲ, ಅದಕ್ಕೆ ಒಂದು ಉಂಡೆ ಎರಿಮಣ್ಣು. ಹೆಣ್ಣು ಗಂಡು ಸೇರಿ ಹತ್ತು ಹನ್ನೆರಡು ಮಕ್ಕಳು ಶಾಲೆ ಬಿಟ್ಟ ಮೇಲೆ ನನ್ನ ಸುತ್ತ ಕುಕ್ಕರಗಾಲಲ್ಲಿ ಕೂತು ಕತ್ತರಿಸುತ್ತಿದ್ದರು. ಮೊದಲನೆಯ ದಿನವೇ ಒಬ್ಬ ಕೇಳಿದ, "ಅಕ್ಕೋರ, ನೀವು ವಿಮಾನದಾಗ ಕುಂತೀರೇನ್ರಿ?"

"ಇಲ್ಲ."

"ಮತ್ತ ಹ್ಯಾಂಗ ಕಲಸ್ತೀರಿ?"

"ಹೆರಿಗಿ ಮಾಡಸೂ ಡಾಕ್ಟರು ಗಂಡಸು ಇರ್ತಾನಲ್ಲ, ಹಂಗ," ಎಂದೆ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಪ್ರಶ್ನೆ ಅಲ್ಲಿಗೆ ಮುಗಿಯಿತು.

ನಮ್ಮ ವಿಮಾನಗಳು ನಿಜಕ್ಕೂ ಹಾರಿದವು. ನಾನೇ ನಂಬಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಶಾಲೆಯ ಬಯಲಿಗೆ ಬೇಲಿ ಇಲ್ಲ. ಆಚೆಗೆ ಕುರಿ ಮೇಯುವ ಹೊಲ. ಆ ಕುರಿಗಳ ಮಾಲೀಕನ ಬಳಿ ಒಂದು ಮುಧೋಳ ನಾಯಿ ಇತ್ತು. ಉದ್ದ ಕಾಲು, ಒಳಗೆ ಹೋದ ಹೊಟ್ಟೆ, ಚೂಪು ಮೂತಿ, ದೊಡ್ಡ ಮನೆಯ ಅಳಿಯನ ಹಾಗೆ ಯಾರನ್ನೂ ಲೆಕ್ಕಕ್ಕಿಡದ ಕಣ್ಣು. ಬೇಟೆಯ ತಳಿ ಅದು. ಮುಂದೆ ಏನಾದರೂ ಓಡಿದರೆ ಸಾಕು, ಬೆನ್ನು ಹತ್ತುತ್ತದೆ. ಮೊದಲ ವಿಮಾನ ಹುಡುಗನ ಕೈ ಬಿಟ್ಟು ನೆಲಕ್ಕೆ ಸಮನಾಗಿ ಚೆಂದಾಗಿ ತೇಲಿಕೊಂಡು ಹೋಗುತ್ತಿತ್ತು. ಮಕ್ಕಳು ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದರು. ಹೊಲದ ಕಡೆಯಿಂದ ಏನೋ ಬಂತು, ವಿಮಾನ ಇರಲಿಲ್ಲ. ನಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ತನ್ನ ಯಜಮಾನನ ಕೈಗೆ ಒಪ್ಪಿಸಿತು.

ಆಮೇಲೆ ಅದಕ್ಕೆ ರುಚಿ ಹತ್ತಿತು. ಶಾಲೆ ಬಿಡುವ ಗಂಟೆ ಹೊಡೆದರೆ ಮಕ್ಕಳಿಗಿಂತ ಮೊದಲು ಅದು ಬಯಲಿಗೆ ಬಂದು ನಿಲ್ಲುತ್ತಿತ್ತು. ಹಾರಾಟದ ವಿಡಿಯೋ ಕಳಿಸಿ ಎಂದು ಮೇಲಿನಿಂದ ಹೇಳಿದ್ದರು. ಕಳಿಸಿದೆ. 'ನಾಯಿಯನ್ನು ತೆಗೆದು ಕಳಿಸಿ' ಎಂದು ಉತ್ತರ ಬಂತು.

ಆ ನಾಯಿಯ ಯಜಮಾನನ ಮಗಳು ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಕುರುಬರ ದೇವರು ಬೀರಪ್ಪನ ಒಕ್ಕಲು, ಕುರಿ, ಒಂದಿಷ್ಟು ಕಬ್ಬು, ಮನೆಯಲ್ಲಿ ಮುಂಜಾನೆಯಿಂದ ಕೆಲಸ. ನಾಯಿಗೆ ನುಚ್ಚು ಮಜ್ಜಿಗೆ ಹಾಕುವುದು ಅವಳ ಪಾಲು. ಲೆಕ್ಕದಲ್ಲಿ ಅವಳಿಗೆ ಸಮ ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಜಮಖಂಡಿಗೆ ಹೋಗಿ ಸೈನ್ಸ್ ಓದಬೇಕು, ಎಂದಾದರೂ ಖರೆ ವಿಮಾನದ ನಕ್ಷೆ ಬರೆಯಬೇಕು ಎಂಬುದು ಅವಳ ಆಸೆ. ಅಪ್ಪ ಒಪ್ಪಿರಲಿಲ್ಲ.

ಪಾಲಕರ ಸಭೆಗೆ ಆತ ಬಂದಾಗ ನಾನೇ ಮಾತು ತೆಗೆದೆ. "ಹುಡುಗಿ ಭಾಳ ಶ್ಯಾಣ್ಯಾ ಅದಾಳ. ಜಮಖಂಡಿಗೆ ಕಳಸ್ರಿ ಅಣ್ಣಾರ."

"ಆರ್ಟ್ಸ್ ಓದಿದವ್ರು ಮನಷ್ಯಾರಲ್ಲೇನ್ರಿ ಅಕ್ಕೋರ? ಮಹಾಲಿಂಗಪುರಕ್ಕ ಹೋಗ್ಲಿ, ಮದ್ಯಾನಕ್ಕ ಮನಿಗೆ ಬರ್ತಾಳ. ಸೈನ್ಸ್ ಅಂದ್ರ ಟ್ಯೂಷನ್ನು, ಅದು ಇದು, ದೀಪ ಹಚ್ಚೂ ಹೊತ್ತಾಗತೈತಿ."

"ವಿಮಾನದ ಕ್ಲಾಸಿನ್ಯಾಗ ಅಕಿನ ಮುಂದ ಅದಾಳ್ರಿ."

ಇದನ್ನು ಹೇಳಬಾರದಿತ್ತು. ಆತ ಗಹಗಹಿಸಿ ನಕ್ಕ. ಸುತ್ತ ಇದ್ದವರೂ ನಕ್ಕರು. "ನಿಮ್ಮ ವಿಮಾನ ನಮ್ಮ ನಾಯಿಗೆ ನಾಷ್ಟಾ ಆಗ್ಯಾವ್ರಿ! ನನ್ನ ನಾಯಿ ಹೋಗಿದ್ದು ತಿರಗಿ ಬಂದು ಕೈಯಾಗ ಕೊಡತೈತಿ. ನಿಮ್ಮ ವಿಮಾನ ಹೋಗಿದ್ದು ತಿರಗಿ ಬರತೈತೇನ್ರಿ? ನನ್ನ ಮಗಳು ಬಿಟ್ಟ ವಿಮಾನ ನಾಯಿಗೆ ಸಿಗದಂಗ ಅಕಿ ಕೈಗೆ ಹೊಳ್ಳಿ ಬರ್ಲಿ, ಜಮಖಂಡಿಗೆ ಕಳಸ್ತೀನಿ. ಸಿಕ್ತಂದ್ರ ಸೈನ್ಸ್ ಮಾತ ತಗೀಬಾರದು."

"ಭಂಡಾರ ಮುಟ್ಟಿ ಹೇಳೋ ಹಂಗಾರ," ಎಂದು ಹಿಂದಿನಿಂದ ಯಾರೋ ಕೆಣಕಿದರು. ಆತ ಸೊಂಟದ ಚೀಲದಿಂದ ಬೀರಪ್ಪನ ಅರಿಷಿಣ ತೆಗೆದು ಹಣೆಗೆ ಹಚ್ಚಿಕೊಂಡೇಬಿಟ್ಟ.

ಭಂಡಾರ ಮುಟ್ಟಿ ಆಡಿದ ಮಾತನ್ನು ನಮ್ಮ ಕಡೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟು ದಿನ ಅಪ್ಪನ 'ಇಲ್ಲ' ಎನ್ನುವುದು ಬರೀ ಇಲ್ಲವಾಗಿತ್ತು. ಹೆಂಡತಿ ಅತ್ತರೆ, ಅಜ್ಜಿ ಬೈದರೆ ಬದಲಾಗಬಹುದಾಗಿತ್ತು. ನಾನು ಸಹಾಯ ಮಾಡಲು ಹೋಗಿ ಅದಕ್ಕೆ ದೇವರ ಮುದ್ರೆ ಒತ್ತಿಸಿದ್ದೆ. ಒಂದು ಹುಡುಗಿಯ ಓದು ಒಂದು ನಾಯಿಯ ಬಾಯಲ್ಲಿತ್ತು. ನನಗೆ ಆತನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು.

ಹುಡುಗಿ ಮಾತ್ರ ಅಳಲಿಲ್ಲ. ಮಾರನೆಯ ದಿನ ಬಂದು ಕೇಳಿದಳು, "ಅಕ್ಕೋರ, ವಿಮಾನ ಹೊಳ್ಳೂ ಹಂಗ ಮಾಡಾಕ ಬರತೈತೇನ್ರಿ?"

"ಬರತೈತಿ. ಯಾಕ?"

"ನಾಯಿ ನೆಟ್ಟಗ ಓಡಿದ್ರ ಅದರ ಮುಂದ ಯಾವುದೂ ಇಲ್ರಿ. ಆದ್ರ ಗಪ್ಪನ ಹೊಳ್ಳಾಕ ಬರಾಂಗಿಲ್ಲ ಅದಕ್ಕ. ಮೊಲ ಹಂಗ ತಪ್ಪಿಸಿಕೊಳ್ಳತೈತ್ರಿ."

ಗಿರಾಕಿ ಯಾರು, ಅವನಿಗೆ ಏನು ಬೇಕು ಎಂದು ಆ ಚುರುಕು ಹುಡುಗ ವಾರವಿಡೀ ಬಡಿದುಕೊಂಡದ್ದು ನನಗೆ ಅರ್ಥವಾದದ್ದು ಆಗ. ನಮಗೆ ಕೊನೆಗೂ ಒಬ್ಬ ಗಿರಾಕಿ ಸಿಕ್ಕಿದ್ದ. ಅವನಿಗೆ ನಾಲ್ಕು ಕಾಲಿದ್ದವು.

ಬೆಳಿಗ್ಗೆ ನಾಯಿ ಕುರಿಗಳ ಜೊತೆ ದೂರ ಹೋದ ಮೇಲೆ, ಪ್ರಾರ್ಥನೆಗೆ ಮೊದಲು, ನಮ್ಮ ಪರೀಕ್ಷೆಗಳು ನಡೆದವು. ವಿಮಾನದ ಬಾಲದಲ್ಲಿ ನೆಟ್ಟಗೆ ನಿಲ್ಲುವ ಚೂರನ್ನು ಎಡಕ್ಕೆ ಬಾಗಿಸಿದರೆ ಅದು ಎಡಕ್ಕೆ ತಿರುಗುತ್ತದೆ ಎಂದು ಹೇಳಿಕೊಟ್ಟೆ. ಅವಳು ಬಾಗಿಸಿದಳು. ವಿಮಾನ ಎಡಕ್ಕೆ ತಿರುಗಿ ಗಿರಗಿರನೆ ಸುತ್ತಿ ನೆಲಕ್ಕೆ ಮೂತಿ ಗುದ್ದಿತು. ಬಾಗು ಕಡಿಮೆ ಮಾಡಿದೆವು. ಬಯಲು ದಾಟಿ ಹೋಗಿ ಕಬ್ಬಿನಲ್ಲಿ ಬಿತ್ತು. ಮಣ್ಣು ತೆಗೆದೆವು, ಮೂತಿ ಎತ್ತಿ ನಿಂತು ಹಿಂದಕ್ಕೆ ಬಿತ್ತು. ತಾಟುಗಳು ಮುಗಿದವು. ಮಕ್ಕಳು ಸುತ್ತಲಿನ ಮದುವೆಗಳಿಗೆಲ್ಲ ಕರೆಯದಿದ್ದರೂ ಹೋಗಿ ತಾಟು ತಂದರು, ಊಟವನ್ನೂ ಮಾಡಿ ಬಂದರು. ಕೊನೆಗೆ ರೆಕ್ಕೆಗಳ ತುದಿಯನ್ನು ತುಸು ಮೇಲಕ್ಕೆತ್ತಿ ಅಂಟಿಸಿದಾಗ ವಿಮಾನ ಗಾಳಿಯಲ್ಲಿ ಸಮಾಧಾನವಾಗಿ ಒಂದು ಸುತ್ತು ಹಾಕಿತು. ನಾನು ಬಯಲಿನಲ್ಲಿ ನಿಂತು ಸಣ್ಣ ಹುಡುಗಿಯ ಹಾಗೆ ಕೂಗಿದೆ. ಬಿಸಿಯೂಟದ ಅಡುಗೆಯವರು ಹಾವು ಬಂತೆಂದು ಹೊರಗೆ ಓಡಿ ಬಂದರು.

ಪಂದ್ಯಕ್ಕೆ ಗೊತ್ತು ಮಾಡಿದ ದಿನ ಊರೇ ಬಂದಿತ್ತು. ಹೆಡ್‌ಮಾಸ್ತರರು ಕೋಟು ಹಾಕಿಕೊಂಡು ಬಂದು ಕಪಾಟಿನ ಕೀಲಿ ತೆಗೆದು, ಎಂದೂ ಯಾರೂ ಮುಟ್ಟದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹಾರ ಹಾಕಿದರು. ಹುಡುಗಿಯ ವಿಮಾನಕ್ಕೂ ಒಂದು ಲಿಂಬೆಹಣ್ಣು ಕಟ್ಟಬೇಕೆಂದು ಯಾರೋ ಹಿರಿಯರು ಮುಂದೆ ಬಂದರು. ನಾನು ಅಡ್ಡ ನಿಂತು, "ಅಜ್ಜಾರ, ಭಾರ ಆಗತೈತ್ರಿ, ನನಗ ಕಟ್ರಿ ಬೇಕಾರ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಲಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು.

ಅಪ್ಪ ನಾಯಿಯ ಕೊರಳಪಟ್ಟಿ ಹಿಡಿದು ನಿಂತಿದ್ದ. ಹುಡುಗಿ ಗಾಳಿ ನೋಡಿದಳು, ಕೈ ಹಿಂದಕ್ಕೆ ಎಳೆದು ಬಿಟ್ಟಳು. ವಿಮಾನ ಮೇಲಕ್ಕೆ ಏರಿತು. ನಾಯಿ ಕೈ ಬಿಡಿಸಿಕೊಂಡು ಹೊರಟಿತು. ಅದರ ಓಟವನ್ನು ನಾನು ಎಷ್ಟೇ ಬೈದರೂ ಚೆಂದ ಎನ್ನಲೇಬೇಕು. ವಿಮಾನ ಹುಣಸೆ ಮರದ ಹತ್ತಿರ ಹೋಗಿ ಎಡಕ್ಕೆ ಹೊರಳಿತು. ನಾಯಿ ಹೊರಳಲಾಗದೆ ಧೂಳೆಬ್ಬಿಸಿಕೊಂಡು ಮರ ದಾಟಿ ಹೋಯಿತು. ಜನ ಹೋ ಎಂದರು. ಆದರೆ ವಿಮಾನ ಮರಳಿ ಬರುತ್ತ ಬರುತ್ತ ಕೆಳಗಿಳಿಯುತ್ತಿತ್ತು. ಹಾರಿದ್ದು ಇಳಿಯಲೇಬೇಕಲ್ಲ, ಅದನ್ನು ಕಲಿಸಿದವಳೂ ನಾನೇ. ಅಷ್ಟರಲ್ಲಿ ನಾಯಿ ತಿರುಗಿಕೊಂಡಿತ್ತು. ಈಗ ಅದರ ದಾರಿ ನೆಟ್ಟಗೆ ಹುಡುಗಿಯ ಕಡೆಗೇ ಇತ್ತು.

ವಿಮಾನ ಒಂದೆರಡು ಮಾರು ಮೊದಲೇ ಬೀಳುವುದರಲ್ಲಿತ್ತು. ಹುಡುಗಿ ಮುಂದಕ್ಕೆ ನುಗ್ಗಿ, ಬಗ್ಗಿ, ರೆಕ್ಕೆಯ ತುದಿ ಹಿಡಿದಳು. ಅದೇ ಹೊತ್ತಿಗೆ ನಾಯಿ ಅವಳೆದುರು ಬಂತು. ವಿಮಾನ ಅದರ ಮೂತಿಯಿಂದ ಗೇಣು ದೂರದಲ್ಲಿತ್ತು. ಜಿಗಿದಿದ್ದರೆ ಮುಗಿಯುತ್ತಿತ್ತು. ಅದು ಜಿಗಿಯಲಿಲ್ಲ. ನಾಲಿಗೆ ಚಾಚಿ ತೇಕುತ್ತ ಅವಳ ಕೈಯನ್ನೇ ನೋಡುತ್ತ ನಿಂತಿತು. ಮರಿ ಇದ್ದಾಗಿನಿಂದ ಅದು ಉಂಡದ್ದು ಅದೇ ಕೈಯಿಂದ. ಅವಳು ತಿನ್ನು ಎನ್ನುವ ತನಕ ಆ ಕೈಯಲ್ಲಿದ್ದದ್ದನ್ನು ಮುಟ್ಟಿ ಅದಕ್ಕೆ ರೂಢಿಯಿಲ್ಲ.

"ಇದು ಮೋಸ! ನಾಯಿ ಬಿಟ್ಟಕೊಡ್ತು!" ಎಂದು ಒಬ್ಬ ಕೂಗಿದ. "ನಾಯಿದು ಪಕ್ಷಪಾತ ಐತಿ," ಎಂದ ಇನ್ನೊಬ್ಬ. ವಾದ ಜೋರಾಯಿತು. ಅಪ್ಪ ಯಾರ ಮಾತಿಗೂ ಕಿವಿಗೊಡದೆ ನಿಧಾನ ನಡೆದುಕೊಂಡು ಬಂದ. ಚೀಲದಿಂದ ಭಂಡಾರ ತೆಗೆದು ಮೊದಲು ಮಗಳ ಹಣೆಗೆ ಹಚ್ಚಿದ, ಆಮೇಲೆ ನಾಯಿಯ ಹಣೆಗೆ. "ಆತು," ಎಂದ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ, ಧೂಳು ಎಂದು ಹೆಡ್‌ಮಾಸ್ತರರಿಗೆ ಹೇಳಿದೆ.

ಆ ದಿನ ತೆಗೆದ ವಿಡಿಯೋದಿಂದ ನಾಯಿಯನ್ನು ಕತ್ತರಿಸಿ ಕಳಿಸಿದೆ. ಉಳಿದದ್ದು ಒಬ್ಬ ಹುಡುಗಿ ಏನನ್ನೋ ಎಸೆದು ತಾನೇ ಹಿಡಿದುಕೊಳ್ಳುವುದು ಮಾತ್ರ. 'ತೃಪ್ತಿಕರ' ಎಂದು ಉತ್ತರ ಬಂತು.

ಹುಡುಗಿ ಈಗ ಜಮಖಂಡಿಗೆ ಹೋಗುತ್ತಾಳೆ. ನಸುಕಿನಲ್ಲಿ ಬಸ್ಸು ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ, ಅಪ್ಪ ಹೇಳಿದ್ದ ಹಾಗೆಯೇ. ಮಳೆಗಾಲದ ಕೊನೆಯ ಹೊತ್ತಿಗೆ ಒಂದು ಸಂಜೆ ಆತ ನನ್ನ ವಿಮಾನದ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತ. ನಾಯಿಯೂ ಹಿಂದೆ ಇತ್ತು. ಸೊರಗಿತ್ತು.

"ಅಕ್ಕೋರ, ಇದು ನನ್ನ ಕೈಲೆ ಉಣವಲ್ತು. ಬಸ್ಸಿನ ಹಾದಿ ನೋಡಕೋತ ಕುಂದರತೈತಿ. ಒಂದ ವಿಮಾನ ಕೊಡ್ರಿ. ಓಡಿ ದಣದ್ರ ಉಂಡೀತು."

ಕೊಟ್ಟದ್ದು ಎರಡು ದಿನದಲ್ಲಿ ಚೂರಾಯಿತು. ಮತ್ತೆ ಬಂದ. ಬಿಟ್ಟಿ ಕೊಡಲಾಗದು, ಕೂತು ಮಾಡಿಕೊಳ್ಳಿ ಎಂದೆ. ಅಂದಿನಿಂದ ಎಂಟನೆಯ ತರಗತಿಯ ಮಕ್ಕಳ ನಡುವೆ ತಲೆಗೆ ಪಟಗ ಸುತ್ತಿಕೊಂಡ ಒಬ್ಬ ವಿದ್ಯಾರ್ಥಿ ಹೆಚ್ಚಾದ. ತಾಟು ಕತ್ತರಿಸುವುದರಲ್ಲಿ ಕೈ ಹದವಾಗಿದೆ, ಕುರಿಯ ಉಣ್ಣೆ ಕತ್ತರಿಸಿದ ಕೈ. ಮಕ್ಕಳು ಮೊದಮೊದಲು ನಕ್ಕರು, ಈಗ ಮಣ್ಣಿನುಂಡೆ ಅವನಿಂದಲೇ ಮಾಡಿಸಿಕೊಳ್ಳುತ್ತಾರೆ.

ಮೊನ್ನೆ ಆತ ಮಾಡಿದ ವಿಮಾನ ನಿಜಕ್ಕೂ ಅಂದವಾಗಿತ್ತು. ನನಗೆ ಹುರುಪು ಬಂತು. ತೆಗೆದುಕೊಂಡು ಬಾಲವನ್ನು ಎಡಕ್ಕೆ ಬಾಗಿಸಿ, "ಈಗ ಬಿಡ್ರಿ ನೋಡೂಣು, ನಿಮ್ಮದೂ ನಾಯಿಗೆ ಸಿಗಾಂಗಿಲ್ಲ," ಎಂದೆ.

ಆತ ವಿಮಾನವನ್ನು ಹಿಡಿದುಕೊಂಡು ಬಸ್ಸಿನ ರಸ್ತೆಯ ಕಡೆ ನೋಡಿದ. "ಪೀಯುಸಿ ಆದ ಮ್ಯಾಲ ಇನ್ನೂ ದೂರ ಹೋಗ್ತೀನಿ ಅಂತಾಳ್ರಿ," ಎಂದ. ಆಮೇಲೆ ಅದನ್ನು ನನ್ನ ಕೈಗೆ ವಾಪಸ್ಸು ಕೊಟ್ಟ.

"ನಂದು ಸಿಗ್ಲಿ ಬಿಡ್ರಿ ಅಕ್ಕೋರ. ಒಂದು ತಪ್ಪಿಸಿಕೊಂಡ ಹೋತಲ್ಲ, ಸಾಕು."

ನಾನು ಬಾಲವನ್ನು ನೆಟ್ಟಗೆ ಮಾಡಿ ಕೊಟ್ಟೆ.