ಪುಟದ ಕೊನೆಯಲ್ಲಿ ಕಾಯುವ ಕಮಲ ಟೀಚರ್

ಅಮ್ಮತ್ತಿ ಸುತ್ತಿನ ಕಾಫಿ ಎಸ್ಟೇಟುಗಳ ಕೂಲಿಯವರ ಲೈನುಮನೆಗಳಲ್ಲಿ ಮಕ್ಕಳ ಮೊದಲ ಕಲಿಕೆಯ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಕಮಲ ಟೀಚರ್ ಅವರದು. ಮೂವತ್ತನಾಲ್ಕು ವರ್ಷ ಒಂದೇ ಅಂಗನವಾಡಿಯಲ್ಲಿದ್ದು, ಐದಾರು ಮನೆಮಾತುಗಳ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ, ದಿನವೂ ತಪ್ಪದೆ ಕಥೆ ಓದಿ ಹೇಳಿದವರು ಅವರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆಯಲು ಓದಿದವರು ಬಹಳ ಮಂದಿ ಇದ್ದಾರೆ. ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೆ ತಿಳಿದಿರುವುದು, ಆ ಚಾಪೆಯ ಮೂಲೆಯಲ್ಲಿ ಕೂತು ಕಂಡದ್ದು ಮಾತ್ರ.

ಅವರು ಸೇವೆಗೆ ಸೇರಿದಾಗ ತರಗತಿ ನಡೆಯುತ್ತಿದ್ದದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪಿಂಗ್ ಶೆಡ್ಡಿನಲ್ಲಂತೆ. ಆಗ ಅಲ್ಲಿದ್ದವು ಎರಡೇ ಪುಸ್ತಕಗಳು. ಒಂದೊಂದನ್ನೂ ವಾರಪೂರ್ತಿ ಓದುತ್ತಿದ್ದರಂತೆ. ಅಲಮಾರಿ ತುಂಬಿದ ಮೇಲೂ ಅವರು ಆ ಪದ್ಧತಿ ಬಿಡಲಿಲ್ಲ. ಸೋಮವಾರ ತೆಗೆದ ಪುಸ್ತಕವನ್ನೇ ಶನಿವಾರದವರೆಗೆ ಓದುವರು. ಮೂರನೆಯ ದಿನದಿಂದ ಪ್ರತಿ ಪುಟದ ಕೊನೆಯ ಮಾತನ್ನು ಹೇಳದೆ ನಿಲ್ಲಿಸಿ, ಮಕ್ಕಳ ಮುಖ ನೋಡುತ್ತ ಕಾಯುವರು.

ನನ್ನ ಮಗಳು ಕವನಾ ಮೂರೂವರೆ ವರ್ಷವಾದರೂ ಮಾತಾಡುತ್ತಿರಲಿಲ್ಲ. ಕಿವಿ ಸರಿಯಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. "ತಾಯಿ ಬಾಯಿ ಬಿಟ್ರೆ ತಾನೆ ಮಗು ಕಲಿಯೋದು!" ಎಂದು ನನ್ನ ಅತ್ತೆ ಕೆಂಚಿ, ಲೈನಿನ ನಲ್ಲಿಯ ಬಳಿ ಎಲ್ಲರೆದುರು ಅಂದರು. ಮಗು ಮೂಕಿಯಾದರೆ ಅದಕ್ಕೆ ನನ್ನ ಸಂಕೋಚವೇ ಕಾರಣವೆಂದು ನಾನೂ ನಂಬಿಬಿಟ್ಟಿದ್ದೆ.

ಕಾಫಿ ಕೊಯ್ಲಿನ ಪಿಕಿಂಗ್ ಇಲ್ಲದ ದಿನ ಅವಳನ್ನು ಬಿಟ್ಟು ಅಂಗನವಾಡಿಯ ಬಾಗಿಲಲ್ಲೇ ನಿಲ್ಲುತ್ತಿದ್ದ ನನ್ನನ್ನು ಟೀಚರ್ ಒಳಗೆ ಕರೆದು, ಮಡಿಲಲ್ಲಿ ಪುಸ್ತಕವಿಟ್ಟರು.

"ಜೋರಾಗಿ ಓದಮ್ಮ, ಪುಸ್ತಕ ಕಚ್ಚಲ್ಲ."

ಮಕ್ಕಳು ನಕ್ಕರು. ನಾನು ಓದಿದೆ. "ಆನೆ ಮರ ಅಲುಗಿಸಿತು. ದೊಪ್ಪನೆ ಬಿತ್ತು..." ಎಂಬಲ್ಲಿ ನಿಲ್ಲಿಸಿದೆ. ಕವನಾಳ ತುಟಿ ಅಲುಗಿತು. ಅವಳ ಕಷ್ಟ ನೋಡಲಾರದೆ ನಾನೇ "ಹಲಸು" ಅಂದುಬಿಟ್ಟೆ. ಮುಂದಿನ ಪುಟದಲ್ಲೂ ಹಾಗೆಯೇ ಮಾಡಿದೆ. ಮನೆಯಲ್ಲೂ ಅಷ್ಟೇ, ಅವಳು ಬೆರಳು ತೋರಿಸುವ ಮೊದಲೇ ಎಲ್ಲವನ್ನೂ ಕೊಡುತ್ತಿದ್ದೆ.

ಮಕ್ಕಳು ಹೋದ ಮೇಲೆ ಟೀಚರ್ ಹೇಳಿದರು. "ಅವಳ ಮಾತೂ ನೀನೇ ಆಡಿದ್ರೆ ಅವಳಿಗೇನು ಉಳೀತು? ನಿಂಗೆ ಸುಮ್ನಿರೋದು ಚೆನ್ನಾಗಿ ಬರತ್ತಲ್ಲ, ಆ ಕೊನೇ ಮಾತಿನ ಹತ್ರ ಸುಮ್ನಿರು."

ನನ್ನ ಮೌನದಿಂದ ಉಪಯೋಗವಿದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಎರಡು ತಿಂಗಳು ಹಾಗೆ ಓದಿ, ನಿಲ್ಲಿಸಿ, ಕಾದೆ. ಮನೆಯಲ್ಲೂ ಕಾದೆ. ಒಂದು ದಿನ ಅದೇ ಆನೆಯ ಪುಟದಲ್ಲಿ ಕವನಾ ಚಿತ್ರದ ಮೇಲೆ ಬೆರಳಿಟ್ಟು "ಚಕ್ಕೆ" ಅಂದಳು. ನಮ್ಮ ಲೈನಿನಲ್ಲಿ ಹಲಸಿಗೆ ಹೇಳುವುದೇ ಹಾಗೆ. ಪುಸ್ತಕದಲ್ಲಿ ಹಾಗಿಲ್ಲವೆಂದು ಟೀಚರ್ ತಿದ್ದಲಿಲ್ಲ. "ಹೌದು ಮಗಾ, ಚಕ್ಕೆ! ದೊಡ್ಡ ಚಕ್ಕೆ ಬಿತ್ತು. ಹಲಸಿನಹಣ್ಣು ಬಿತ್ತು" ಎಂದು ಅವಳ ಮಾತಿಗೇ ತಮ್ಮ ಮಾತು ಸೇರಿಸಿದರು. ನನಗೆ ಮುಂದಿನ ಪುಟದ ಅಕ್ಷರ ಕಾಣಲಿಲ್ಲ.

ಕವನಾ ಈಗ ಎರಡನೆಯ ತರಗತಿ. "ಇವಳ ಬಾಯಿ ಮುಚ್ಚಿಸೋದು ಹೆಂಗೆ ಅಂತ ಟೀಚರ್‌ನ ಕೇಳ್ಕೊಂಡು ಬಾ" ಎನ್ನುತ್ತಾರೆ ಅತ್ತೆ.

ಕಮಲ ಟೀಚರ್ ಅವರ ಕಣ್ಣಿಗೂ ದನಿಗೂ ದಣಿವು ತಟ್ಟದಿರಲಿ, ಇನ್ನೂ ಬಹುಕಾಲ ನಮ್ಮ ಮಕ್ಕಳು ಅವರ ಓದನ್ನು ಕೇಳುವಂತಾಗಲಿ. ನಿವೃತ್ತಿಯ ನಂತರವೂ ಶನಿವಾರ ಬರುತ್ತೇನೆಂದಿದ್ದಾರೆ. ಚಾಪೆ ಹಾಸಿರುತ್ತೇವೆ. ಅವರ ಬಸ್ಸು ತಡವಾದರೆ ನಾನು ಓದಲು ತೊಡಗಿರುತ್ತೇನೆ. ಪುಟದ ಕೊನೆಗೆ ಬಂದಾಗ ನಿಲ್ಲಿಸಿ, ಕಾಯುತ್ತಿರುತ್ತೇನೆ.